ಅಶನಿ .32 ಪಿಸ್ತೂಲು: ಸೊಂಟಕ್ಕೆ ಸಿಕ್ಕಿಸುವ ಮುಂಚೆ ನೂರು ಗುಂಡು

ಕೋಲಾರದ ಟೊಮೇಟೊ ಮಂಡಿ, ತಿಪಟೂರಿನ ಕೊಬ್ಬರಿ ಮಾರುಕಟ್ಟೆ, ಹೆದ್ದಾರಿ ಬದಿಯ ಪೆಟ್ರೋಲ್ ಬಂಕು. ಹೊತ್ತಲ್ಲದ ಹೊತ್ತಿನಲ್ಲಿ ದುಡ್ಡು ಹಿಡಿದು ಓಡಾಡುವವರು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ಮೂರೂ ಜಿಲ್ಲೆಗಳಲ್ಲಿ ಇದ್ದಾರೆ. ಅಂಥವರ ಕೈಗೆ ಲೈಸೆನ್ಸ್ ಬಂತೆನ್ನಿ. 9 ಎಂಎಂ, .38 ಎರಡೂ ನಿಷೇಧಿತ ಬೋರು (ನಳಿಕೆಯ ಒಳಅಳತೆ), ಹಾಗಾಗಿ ಹೆಚ್ಚಿನವರು ಬಂದು ನಿಲ್ಲುವುದು .32ರ ಹತ್ತಿರ. ರಿವಾಲ್ವರ್ ಬೇಡ, ಪಿಸ್ತೂಲೇ ಬೇಕು ಎಂದರೆ ಸರ್ಕಾರಿ ಆಯುಧ ಕಾರ್ಖಾನೆಯ ಅಶನಿ ಕಣ್ಣಿಗೆ ಬೀಳುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಜೊತೆಯಲ್ಲಿ ಒಯ್ಯಲು ಇದು ತಕ್ಕ ಆಯುಧವೇ. ಆದರೆ ಅಂಗಡಿಯಿಂದ ತಂದ ದಿನವೇ ನಂಬಬಹುದಾದ ಆಯುಧ ಅಲ್ಲ. ಇದು ಅಶನಿಗೆ ಮಾತ್ರ ಸಲ್ಲುವ ದೂರಲ್ಲ, ಈ ಅಳತೆಯ ಯಾವ ಪಿಸ್ತೂಲಿಗೂ ಸಲ್ಲುವ ಮಾತು. ಪಿಸ್ತೂಲು ಸಣ್ಣದಾದಷ್ಟೂ ಗುರಿ ಕಷ್ಟ. ಹಿಡಿ ಗಿಡ್ಡ, ಕಿರುಬೆರಳಿಗೆ ಜಾಗ ಸಾಲದು. ಗುರಿ ಹಿಡಿಯುವ ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ನಡುವೆ ದೂರ ಕಡಿಮೆ. ಲೆಕ್ಕ ಹಾಕಿ ನೋಡಿ: ಎರಡು ಸೈಟುಗಳ ನಡುವೆ 100 ಮಿ.ಮೀ. ಇದ್ದು, ಮುಂದಿನದು ಒಂದೇ ಒಂದು ಮಿ.ಮೀ. ಸರಿದರೆ 7 ಮೀಟರ್ ಆಚೆ ಗುಂಡು 70 ಮಿ.ಮೀ. ತಪ್ಪುತ್ತದೆ. ಅದೇ 150 ಮಿ.ಮೀ. ಇರುವ ದೊಡ್ಡ ಪಿಸ್ತೂಲಿನಲ್ಲಾದರೆ ಸುಮಾರು 47 ಮಿ.ಮೀ.

ಇದರ ಕೆಲಸದ ಬಗೆಯನ್ನೂ ತಿಳಿದಿರಬೇಕು. .32 ಎಸಿಪಿ ಗುಂಡು 1899ರಲ್ಲಿ ಬ್ರೌನಿಂಗ್ ಮಾಡಿದ ವಿನ್ಯಾಸ, ಬ್ಲೋಬ್ಯಾಕ್ ಪಿಸ್ತೂಲಿಗೆಂದೇ ಮಾಡಿದ್ದು. ಇಲ್ಲಿ ಸ್ಲೈಡನ್ನು, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗವನ್ನು, ನಳಿಕೆಗೆ ಬಿಗಿದಿಡುವ ಕೊಂಡಿ ಇರುವುದಿಲ್ಲ. ಗುಂಡು ಹಾರುವ ಕ್ಷಣದಲ್ಲಿ ಹಿಂಭಾಗವನ್ನು ಮುಚ್ಚಿ ಹಿಡಿಯುವುದು ಸ್ಲೈಡಿನ ತೂಕ ಮತ್ತು ಸ್ಪ್ರಿಂಗು, ಅಷ್ಟೇ. ಅದಕ್ಕೇ ಸ್ಪ್ರಿಂಗು ಬಿಗಿ. ಸ್ಲೈಡ್ ಎಳೆಯಲಾಗದೆ ವಯಸ್ಸಾದವರು, ಕೈ ಸಣ್ಣದಿರುವವರು ಸೋಲುವುದು ಇದರಿಂದಲೇ. ಎರಡು ಬೆರಳಲ್ಲಿ ಚಿವುಟಿ ಹಿಂದಕ್ಕೆ ಎಳೆಯಬೇಡಿ. ಎಡ ಅಂಗೈಯನ್ನು ಸ್ಲೈಡಿನ ಹಿಂಭಾಗದ ಮೇಲೆ ಬಿಗಿಯಾಗಿ ಕೂರಿಸಿ, ಬಲಗೈಯಲ್ಲಿರುವ ಹಿಡಿಯನ್ನು ಮುಂದಕ್ಕೆ ನೂಕಿ. ತೋಳಿನ ಬಲ ಸಿಗುತ್ತದೆ. ಕೊನೆಗೆ ಸ್ಲೈಡನ್ನು ಪೂರ್ತಿ ಬಿಟ್ಟುಬಿಡಿ. ಕೈಯಲ್ಲಿ ಹಿಡಿದುಕೊಂಡೇ ಮುಂದಕ್ಕೆ ಕಳಿಸಿದರೆ ಅದು ಪೂರ್ತಿ ಮುಚ್ಚದಿರಬಹುದು. ಹಾಗಾದರೆ ಟ್ರಿಗರ್ ಒತ್ತಿದರೂ ಗುಂಡು ಹಾರುವುದಿಲ್ಲ.

ಹೊಸ ಆಯುಧಕ್ಕೆ ತುಕ್ಕು ಹಿಡಿಯದಂತೆ ಗಟ್ಟಿ ಗ್ರೀಸು ಬಳಿದಿರುತ್ತಾರೆ. ಅದನ್ನು ತೆಗೆಯದೆ ಹಾರಿಸುವುದೇ ಮೊದಲ ತಪ್ಪು. ಕೈಪಿಡಿಯಲ್ಲಿರುವಷ್ಟು ಮಾತ್ರ ಬಿಚ್ಚಿ. ನಳಿಕೆ, ಚೇಂಬರು (ಗುಂಡು ಕೂರುವ ಗೂಡು), ಖಾಲಿ ಕೇಸನ್ನು (ಮದ್ದು ತುಂಬಿದ್ದ ಲೋಹದ ಕೊಳವೆಯನ್ನು) ಎಳೆಯುವ ಎಕ್ಸ್‌ಟ್ರಾಕ್ಟರಿನ ಉಗುರಿನ ಸಂದು, ಫೈರಿಂಗ್ ಪಿನ್ ಓಡಾಡುವ ರಂಧ್ರ ಇವಿಷ್ಟನ್ನು ಚೆನ್ನಾಗಿ ಒರೆಸಿ. ಪಿನ್ ರಂಧ್ರದಲ್ಲಿ ಗ್ರೀಸು ಉಳಿದರೆ ಹೊಡೆತ ಮೆತ್ತಗಾಗಿ ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಟ್ಟಲು) ಸಿಡಿಯುವುದಿಲ್ಲ. ಗನ್ ಆಯಿಲ್ ಬೇಕಿರುವುದು ಸ್ಲೈಡ್ ಜಾರುವ ಹಳಿಗಳಿಗೆ, ತೊಟ್ಟಿನಷ್ಟು. ಗುಂಡು ತುಂಬಿಡುವ ಮ್ಯಾಗಜೀನಿನ ಒಳಗೆ ಬೇಡವೇ ಬೇಡ. ಅಲ್ಲಿ ಎಣ್ಣೆಯಿದ್ದರೆ ನಮ್ಮ ಬಯಲುಸೀಮೆಯ ಧೂಳು ಅಂಟುತ್ತದೆ, ಎಣ್ಣೆ ಪ್ರೈಮರಿನೊಳಗೆ ಇಳಿದು ಗುಂಡನ್ನೂ ಕೊಲ್ಲುತ್ತದೆ.

ಇನ್ನು ಗುಂಡಿನ ವಿಷಯ. ಇದರಲ್ಲಿ ಎಡವುವವರು ಬಹಳ. ".32 ಗುಂಡು ಕೊಡಿ" ಎಂದು ಕೇಳಬೇಡಿ. ರಿವಾಲ್ವರಿನ .32 ಎಂದರೆ ಎಸ್ ಅಂಡ್ ಡಬ್ಲ್ಯು (ಸ್ಮಿತ್ ಅಂಡ್ ವೆಸನ್) ಲಾಂಗ್, ಅದರ ಕೇಸು ಸುಮಾರು 23 ಮಿ.ಮೀ. ಉದ್ದ. ಪಿಸ್ತೂಲಿನದು 7.65 ಎಂಎಂ ಬ್ರೌನಿಂಗ್, ಅಂದರೆ .32 ಎಸಿಪಿ, ಕೇಸು 17 ಮಿ.ಮೀ. ಚಿಲ್ಲರೆ. ಬೋರಿನ ಸಂಖ್ಯೆ ಒಂದೇ ಆದರೂ ಒಂದರ ಗುಂಡು ಇನ್ನೊಂದರಲ್ಲಿ ಬಳಸುವಂಥದ್ದಲ್ಲ. ಡಬ್ಬಿಯ ಮೇಲಿನ ಬರಹ ಓದಿ, ಒಂದು ಗುಂಡು ತೆಗೆದು ನೋಡಿ, ಆಮೇಲೆ ಲೈಸೆನ್ಸ್ ಪುಸ್ತಕದಲ್ಲಿ ನಮೂದು ಮಾಡಿಸಿ.

ಈ ಗುಂಡಿಗೆ ಇನ್ನೊಂದು ಗುಣವಿದೆ. ಕೇಸಿನ ಬುಡದ ಅಂಚು ಒಂಚೂರು ಹೊರಚಾಚಿರುತ್ತದೆ. ಮ್ಯಾಗಜೀನಿನಲ್ಲಿ ಮೇಲಿನ ಗುಂಡಿನ ಅಂಚು ಯಾವಾಗಲೂ ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ಹಿಂದೆ ಬಿದ್ದರೆ ಎರಡೂ ಕೊಕ್ಕೆ ಹಾಕಿಕೊಳ್ಳುತ್ತವೆ. ಸ್ಲೈಡ್ ಎಷ್ಟು ನೂಕಿದರೂ ಮೇಲಿನ ಗುಂಡು ಮುಂದೆ ಹೋಗುವುದಿಲ್ಲ. ಮ್ಯಾಗಜೀನನ್ನು ತಟ್ಟಿ ಸ್ಲೈಡ್ ಎಳೆದರೆ ಬಿಡುವ ಗಂಟಲ್ಲ ಇದು, ಮ್ಯಾಗಜೀನ್ ಹೊರಗೆ ತೆಗೆದು ಗುಂಡುಗಳನ್ನು ಕೈಯಿಂದ ಬಿಡಿಸಬೇಕು. ಅಪಾಯದ ಹೊತ್ತಿನಲ್ಲಿ ಅದಕ್ಕೆ ಸಮಯ ಎಲ್ಲಿದೆ? ಹಾಗಾಗಿ ತುಂಬುವಾಗಲೇ ಒಂದೊಂದು ಗುಂಡನ್ನೂ ಹಿಂದಿನ ಗೋಡೆಗೆ ತಾಗುವಂತೆ ಕೂರಿಸಿ, ಅಂಚು ಕಣ್ಣಲ್ಲಿ ನೋಡಿ. ಗಿಡ್ಡ ಗುಂಡು ಮ್ಯಾಗಜೀನಿನೊಳಗೆ ಹಿಂದೆ ಮುಂದೆ ಆಡುವುದರಿಂದ ಈ ತೊಂದರೆ ಅದರಲ್ಲಿ ಹೆಚ್ಚು. ಉರುಟು ಮೂತಿಯ, ಪೂರ್ತಿ ಲೋಹದ ಹೊದಿಕೆಯ ಗುಂಡೇ ಇದಕ್ಕೆ ಹೊಂದುತ್ತದೆ.

ಹಾರಿಸುವುದೆಲ್ಲಿ? ಸ್ವಂತ ತೋಟದಲ್ಲಿ ಅಲ್ಲ, ಕ್ವಾರಿಯಲ್ಲಂತೂ ಅಲ್ಲವೇ ಅಲ್ಲ. ಚಿಕ್ಕಬಳ್ಳಾಪುರ, ಕೋಲಾರದ ಬಂಡೆ ಗಟ್ಟಿ ಗ್ರಾನೈಟು. ಗುಂಡು ಅದರಲ್ಲಿ ಹೂಳುವುದಿಲ್ಲ, ಸಿಡಿದು ಯಾವ ದಿಕ್ಕಿಗಾದರೂ ಹಾರುತ್ತದೆ. ಗುಂಡಿನ ಹಿಂದೆ ಇರಬೇಕಾದದ್ದು ಎತ್ತರದ ಮಣ್ಣಿನ ದಿಬ್ಬ. ಜಿಲ್ಲಾ ಪೊಲೀಸರು ನಾಗರಿಕರಿಗೆ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ತಾಲ್ಲೂಕು ಠಾಣೆಯಲ್ಲೋ ಎಸ್‌ಪಿ ಕಚೇರಿಯಲ್ಲೋ ವಿಚಾರಿಸಿ ಹೆಸರು ಬರೆಸಿ. 2016ರ ಆಯುಧ ನಿಯಮಗಳ ಪ್ರಕಾರ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಹೇಗಿದ್ದರೂ ಬೇಕು. ಆದರೆ ಶಿಬಿರದ ಅಭ್ಯಾಸ ಬಹುಪಾಲು ರೈಫಲಿನದು. ನಿಮ್ಮದೇ ಪಿಸ್ತೂಲಿನಲ್ಲಿ ಹಾರಿಸಲು ರೇಂಜ್ ಇರುವ ಶೂಟಿಂಗ್ ಸಂಸ್ಥೆಯ ಸದಸ್ಯರಾಗುವುದು ಸರಿಯಾದ ದಾರಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರರಿಂದಲೂ ಬೆಂಗಳೂರು ಸುಮಾರು 60ರಿಂದ 70 ಕಿ.ಮೀ. ಹೋಗುವಾಗ ಪಿಸ್ತೂಲು ಖಾಲಿ, ಗುಂಡು ಬೇರೆ ಡಬ್ಬಿಯಲ್ಲಿ, ಲೈಸೆನ್ಸ್ ಜೇಬಿನಲ್ಲಿ.

ಹೊರದೇಶದವರು ಹೊಸ ಪಿಸ್ತೂಲಿಗೆ ಇನ್ನೂರು, ಐನೂರು ಗುಂಡು ಹಾರಿಸಿ ನೋಡಿ ಎನ್ನುತ್ತಾರೆ. ನಮಗೆ ಲೈಸೆನ್ಸಿನಲ್ಲಿ ಬರೆದಷ್ಟೇ ಗುಂಡು, ಬೆಲೆಯೂ ಕಡಿಮೆಯಲ್ಲ. ನೂರು ಗುಂಡನ್ನು ಬುದ್ಧಿಯಿಂದ ಖರ್ಚು ಮಾಡಿದರೆ ಸಾಕಾಗುತ್ತದೆ. ಒಂದೇ ದಿನ ಮುಗಿಸಬೇಡಿ, ಕೈ ಸೋತ ಮೇಲೆ ಹಾರಿಸಿದ ಗುಂಡು ದಂಡ.

ಮೊದಲ ಹತ್ತು: ಮ್ಯಾಗಜೀನಿಗೆ ಒಂದೇ ಗುಂಡು ಹಾಕಿ ನಾಲ್ಕು ಸಲ, ಆಮೇಲೆ ಎರಡೆರಡು ಹಾಕಿ ಮೂರು ಸಲ. ಯಾಕೆಂದರೆ ಒಳಗಿನ ಕೊಂಡಿಯಲ್ಲಿ ದೋಷವಿದ್ದು ಒಂದೇ ಒತ್ತಿಗೆ ಎರಡು ಹಾರಿದರೆ, ಮ್ಯಾಗಜೀನ್ ತುಂಬಿರುವಾಗ ಅದು ಗೊತ್ತಾಗುವುದು ಬೇಡ. ಮುಂದಿನ ಮೂವತ್ತು: 5 ಮೀಟರಿನಲ್ಲಿ ಎ4 ಹಾಳೆಗೆ, ಎರಡು ಕೈಯಲ್ಲಿ, ಐದೈದರಂತೆ ನಿಧಾನವಾಗಿ. ಎರಡು ಮ್ಯಾಗಜೀನ್ ಇದ್ದರೆ ಬುಡದಲ್ಲಿ ಬಣ್ಣದಿಂದ 1, 2 ಎಂದು ಗುರುತು ಹಾಕಿ. ತೊಡಕು ಒಂದೇ ಮ್ಯಾಗಜೀನಿನಲ್ಲಿ ಮರುಕಳಿಸಿದರೆ ತಪ್ಪು ಅದರ ತುಟಿಯದೋ ಸ್ಪ್ರಿಂಗಿನದೋ, ಎರಡರಲ್ಲೂ ಬಂದರೆ ಪಿಸ್ತೂಲಿನದೋ ನಿಮ್ಮ ಹಿಡಿತದ್ದೋ. ಐದು ಗುಂಡೂ ಅಂಗೈ ಅಗಲದಲ್ಲಿ ಬೀಳುವ ತನಕ 7 ಮೀಟರಿಗೆ ಹೋಗಬೇಡಿ.

ಅದರ ಮುಂದಿನ ನಲವತ್ತು ಇನ್ನೊಂದು ದಿನಕ್ಕೆ. 3, 5, 7 ಮೀಟರ್. ಒಂದೇ ಕೈಯಲ್ಲಿ, ಎಡಗೈಯಲ್ಲಿ. ಮ್ಯಾಗಜೀನ್ ಪೂರ್ತಿ ತುಂಬಿ, ಒಂದೊಂದಕ್ಕೂ ಕನಿಷ್ಠ ಎರಡು ಸಲ. ಗೆಳೆಯರೊಬ್ಬರಿಂದ ಮ್ಯಾಗಜೀನಿನ ನಡುವೆ ಒಂದು ಡಮ್ಮಿ ರೌಂಡು (ಮದ್ದಿಲ್ಲದ ಅಣಕು ಗುಂಡು) ಹಾಕಿಸಿ. ಗುಂಡು ಹಾರದ ಆ ಒತ್ತಿನಲ್ಲಿ ನಳಿಕೆ ಕೆಳಕ್ಕೆ ಕುಸಿದರೆ, ಸದ್ದಿಗೆ ಮುಂಚೆಯೇ ನೀವು ಬೆದರುತ್ತಿದ್ದೀರಿ ಎಂದರ್ಥ. ಬಲಗೈಯವರ ಗುಂಡು ಕೆಳಗೆ, ಎಡಕ್ಕೆ ಬೀಳುವುದು ಬಹುತೇಕ ಇದರಿಂದಲೇ. ಸೈಟು ತಿದ್ದಬೇಕಿಲ್ಲ, ಬೆರಳು ತಿದ್ದಬೇಕು.

ಕೊನೆಯ ಇಪ್ಪತ್ತನ್ನು ಪಿಸ್ತೂಲು ಒರೆಸದೆ, ನಿಜವಾಗಿ ಜೊತೆಯಲ್ಲಿ ಒಯ್ಯುವ ಡಬ್ಬಿಯ ಗುಂಡಿನಿಂದಲೇ ಹಾರಿಸಿ. ಒಂದೂ ಸಿಕ್ಕಿಕೊಳ್ಳಬಾರದು. ಸಿಕ್ಕಿಕೊಂಡರೆ ಕಾರಣ ಹುಡುಕಿ, ಸರಿಪಡಿಸಿ, ಆ ಇಪ್ಪತ್ತನ್ನು ಮೊದಲಿನಿಂದ ಎಣಿಸಿ. ಇಲ್ಲಿ ರಿಯಾಯಿತಿ ಕೊಡಬೇಡಿ.

ತೊಡಕಿನ ಕಾರಣಗಳು ಹೆಚ್ಚೇನಿಲ್ಲ. ಖಾಲಿ ಕೇಸು ಸ್ಲೈಡಿನಲ್ಲಿ ನೆಟ್ಟಗೆ ನಿಂತು ಸಿಕ್ಕಿಕೊಂಡರೆ ಮಣಿಕಟ್ಟು ಸಡಿಲ, ಇಲ್ಲವೇ ಎಕ್ಸ್‌ಟ್ರಾಕ್ಟರ್ ಕೊಳೆ, ಇಲ್ಲವೇ ಮದ್ದು ಬಲಹೀನ. ಸ್ಲೈಡ್ ಹಿಂದೆ ಓಡಲು ಹಿಡಿ ಅಲುಗದೆ ನಿಂತಿರಬೇಕು, ಕೈಯೂ ಜೊತೆಯಲ್ಲೇ ಹಿಂದೆ ಹೋದರೆ ಓಟ ಪೂರ್ತಿಯಾಗದು. ಎಡಗೈ ಹೆಬ್ಬೆರಳನ್ನು ಬಲಗೈ ಹಿಂದೆ ದಾಟಿಸಿ ಹಿಡಿಯುವ ರಿವಾಲ್ವರ್ ಅಭ್ಯಾಸ ಇಲ್ಲಿ ಬೇಡ, ಸ್ಲೈಡ್ ಚರ್ಮ ಸೀಳುತ್ತದೆ. ಎರಡೂ ಹೆಬ್ಬೆರಳು ಎಡಬದಿಯಲ್ಲಿ, ಮುಂದಕ್ಕೆ ಮುಖ ಮಾಡಿರಲಿ.

"ಟಿಕ್" ಎಂದು ಗುಂಡು ಹಾರದಿದ್ದರೆ ರೇಂಜಿನಲ್ಲಿ ನಳಿಕೆಯನ್ನು ಗುರಿಯತ್ತಲೇ ಇಟ್ಟು 30 ಸೆಕೆಂಡು ಕಾಯಿರಿ, ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಅದಕ್ಕಿಂತ ಕೆಟ್ಟದ್ದು "ಪುಸ್" ಎಂಬ ಮೆತ್ತನೆ ಸದ್ದು, ಎಂದಿನ ಒದೆತ ಇಲ್ಲದಿರುವುದು. ಗುಂಡು ನಳಿಕೆಯೊಳಗೇ ನಿಂತಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಕೆ ಒಡೆಯುತ್ತದೆ. ಅಲ್ಲಿಗೇ ನಿಲ್ಲಿಸಿ, ಖಾಲಿ ಮಾಡಿ, ಕಡ್ಡಿ ತೂರಿಸಿ ನೋಡಿ.

ಮನೆಯಲ್ಲಿ ಗುಂಡಿಲ್ಲದ ಅಭ್ಯಾಸಕ್ಕೆ ಖರ್ಚಿಲ್ಲ, ಫಲ ಹೆಚ್ಚು. ಮ್ಯಾಗಜೀನ್ ಮೊದಲು ತೆಗೆಯಿರಿ, ಆಮೇಲೆ ಸ್ಲೈಡ್ ಎಳೆದು ಚೇಂಬರಿಗೆ ಕಣ್ಣೂ ಬೆರಳೂ ಹಾಕಿ ನೋಡಿ. ಈ ಕ್ರಮ ತಿರುಗುಮುರುಗಾದರೆ ಸ್ಲೈಡ್ ಇನ್ನೊಂದು ಗುಂಡನ್ನು ಒಳಗೆ ತಳ್ಳುತ್ತದೆ, ಮನೆಯೊಳಗೆ ಅಕಸ್ಮಾತ್ತಾಗಿ ಗುಂಡು ಹಾರುವುದು ಹೀಗೆಯೇ. ಮ್ಯಾಗಜೀನ್ ತೆಗೆದರೆ ಪಿಸ್ತೂಲು ಹಾರುವುದಿಲ್ಲ ಎಂದು ಎಂದೂ ನಂಬಬೇಡಿ. ಗುಂಡುಗಳನ್ನೆಲ್ಲ ಬೇರೆ ಕೋಣೆಯಲ್ಲಿ ಬೀಗ ಹಾಕಿಡಿ. ಆಚೆ ಯಾರೂ ಓಡಾಡದ ಕಲ್ಲಿನ ಗೋಡೆಯತ್ತ ಮುಖ ಮಾಡಿ, ಚೇಂಬರಿನಲ್ಲಿ ಡಮ್ಮಿ ಹಾಕಿ. ಬರಿ ಪಿನ್ ಬಡಿದರೆ ಕಾಲಕ್ರಮೇಣ ತುದಿ ಹೋಗುತ್ತದೆ. ಡಮ್ಮಿ ಕೊಂಡು ತನ್ನಿ, ಜೀವಂತ ಗುಂಡನ್ನು ಬಿಚ್ಚಿ ಮಾಡಲು ಹೋಗಬೇಡಿ. ಸ್ಲೈಡಿನ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಟ್ರಿಗರ್ ಒತ್ತಿ, ನಾಣ್ಯ ಬೀಳಬಾರದು. ದಿನಕ್ಕೆ ಹತ್ತು ನಿಮಿಷ ಸಾಕು.

ಒಯ್ಯುವ ರೀತಿಗೂ ಇದೇ ಅಭ್ಯಾಸ ಬೇಕು. ಜುಬ್ಬಾದ ಜೇಬು, ಪಂಚೆಯ ಗಂಟು, ಸ್ಕೂಟರಿನ ಸೀಟಿನ ಕೆಳಗೆ ಇವೆಲ್ಲ ಪಿಸ್ತೂಲಿನ ಜಾಗವಲ್ಲ. ಟ್ರಿಗರ್ ಪೂರ್ತಿ ಮುಚ್ಚುವ, ಬಾಯಿ ಮಡಚಿಕೊಳ್ಳದ ಗಟ್ಟಿ ಹೋಲ್‌ಸ್ಟರ್ ಇರಲಿ. ಮೆತ್ತನೆ ತೊಗಲಾದರೆ ಪಿಸ್ತೂಲನ್ನು ಮತ್ತೆ ಒಳಗಿಡುವಾಗ ಅದರ ಮಡಿಕೆಯೇ ಟ್ರಿಗರನ್ನು ಒತ್ತಬಹುದು. ಈ ಮಾದರಿಯ ಪಿಸ್ತೂಲನ್ನು ಚೇಂಬರ್ ಖಾಲಿ ಇಟ್ಟು, ಮ್ಯಾಗಜೀನ್ ಮಾತ್ರ ತುಂಬಿ ಒಯ್ಯುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಬೈಕಿನಿಂದ ಬಿದ್ದಾಗ ಸೇಫ್ಟಿ ಒಂದರ ಮೇಲೆ ಪ್ರಾಣ ಬಿಡುವುದು ಬೇಡ. ಹಾಗೆ ಒಯ್ಯುವವರು ಹೊರತೆಗೆದು ಸ್ಲೈಡ್ ಎಳೆಯುವುದನ್ನು ಅದೇ ಜುಬ್ಬಾ, ಅದೇ ಜರ್ಕಿನ್ ಹಾಕಿಕೊಂಡೇ, ಡಮ್ಮಿಯಿಂದ ಕಲಿಯಬೇಕು. ಬೆವರು ಉಕ್ಕನ್ನು ತಿನ್ನುತ್ತದೆ, ಬೇಸಿಗೆಯಲ್ಲಿ ದಿನವೂ ಸಂಜೆ ಎಣ್ಣೆ ಬಟ್ಟೆಯಲ್ಲಿ ಒರೆಸಿ.

ಇಷ್ಟು ಅಭ್ಯಾಸಕ್ಕೆ ಬಿಡುವಿಲ್ಲದವರಿಗೆ ಅಶನಿ ಬೇಡ, ರಿವಾಲ್ವರ್ ತೆಗೆದುಕೊಳ್ಳಲಿ. 2014ರಲ್ಲಿ ಬಂದ ನಿರ್ಭೀಕ್ ಸುಮಾರು 500 ಗ್ರಾಂ, ಆರು ಗುಂಡು. ಹಗುರ ಇರುವುದರಿಂದ ಒದೆತ ಜಾಸ್ತಿ. 2023ರ ಪ್ರಬಲ್ ಸುಮಾರು 700 ಗ್ರಾಂ, ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತದೆ, ತುಂಬಲು ಸಲೀಸು. ಗುಂಡು ಹಾರದಿದ್ದರೆ ಟ್ರಿಗರ್ ಮತ್ತೆ ಒತ್ತಿದರಾಯಿತು, ಮುಂದಿನ ಗುಂಡು ಬರುತ್ತದೆ. ದೇವರಾಯನದುರ್ಗದ ಸುತ್ತಿನ ಚಿರತೆ, ಕರಡಿ, ತೋಟದ ಹಂದಿಗೆಂದು ಮಾತ್ರ ಎರಡರಲ್ಲಿ ಯಾವುದನ್ನೂ ಕೊಳ್ಳಬೇಡಿ. .32 ಅದಕ್ಕಲ್ಲ, ವನ್ಯಜೀವಿ ಕಾಯ್ದೆಯೂ ಬಿಡುವುದಿಲ್ಲ. ಮದುವೆ, ಜಾತ್ರೆಯಲ್ಲಿ ಗಾಳಿಗೆ ಹಾರಿಸುವುದು 2019ರ ತಿದ್ದುಪಡಿಯಿಂದ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದಾದ ಅಪರಾಧ.

ಚುನಾವಣೆ ಬಂದಾಗ ಆಯುಧವನ್ನು ಠಾಣೆಯಲ್ಲೋ ಅಧಿಕೃತ ಅಂಗಡಿಯಲ್ಲೋ ಠೇವಣಿ ಇಡಬೇಕಾಗಬಹುದು. ಕೊಡುವ ಮುಂಚೆ ಎಣ್ಣೆ ಸವರಿ, ಮ್ಯಾಗಜೀನ್ ಖಾಲಿ ಮಾಡಿ, ನಂಬರ್ ಬರೆದ ರಸೀದಿ ಪಡೆಯಿರಿ. ವಾಪಸ್ ಬಂದಾಗ ನಂಬರ್ ತಾಳೆ ನೋಡಿ, ನಳಿಕೆಗೆ ಟಾರ್ಚ್ ಹಿಡಿದು ತುಕ್ಕು ಇದೆಯೇ ನೋಡಿ, ಮ್ಯಾಗಜೀನ್ ಸ್ಪ್ರಿಂಗನ್ನು ಬೆರಳಲ್ಲಿ ಒತ್ತಿ ನೋಡಿ. ಮಳೆಗಾಲದಲ್ಲಿ ತೇವ ತಿಂದ ಹಳೆಯ ಗುಂಡನ್ನು ರೇಂಜಿನಲ್ಲಿ ಖರ್ಚು ಮಾಡಿ, ಹೊಸ ಡಬ್ಬಿ ತನ್ನಿ. ಆ ಡಬ್ಬಿಯಿಂದ ಹತ್ತು ಗುಂಡು ತೊಡಕಿಲ್ಲದೆ ಹಾರಿದ ಮೇಲೆಯೇ ಪಿಸ್ತೂಲು ಮತ್ತೆ ಹೋಲ್‌ಸ್ಟರಿಗೆ.