ಹೊಸ ಯುನಿಕ್ಸ್‌ಗೆ ಜಿಸಿಸಿ: ಅಲ್ಲೇ ಕಟ್ಟುವುದೋ, ಬೇರೆಡೆ ಕಟ್ಟಿ ತರುವುದೋ?

ಜಿಸಿಸಿ ಅಂದರೆ ಗ್ನೂ ಕಂಪೈಲರ್, ಸೋರ್ಸ್ ಕೋಡನ್ನು ಯಂತ್ರ ಓಡಿಸಬಲ್ಲ ಪ್ರೋಗ್ರಾಂ ಆಗಿಸುವ ತಂತ್ರಾಂಶ. ಅದನ್ನು ಹೊಸ ಯಂತ್ರಕ್ಕೆ ತರಲು ದಾರಿ ಎರಡು: ಆ ಯಂತ್ರದಲ್ಲೇ ಬೂಟ್‌ಸ್ಟ್ರಾಪ್ ಮಾಡುವುದು (ಅಲ್ಲಿರುವ ಕಂಪೈಲರ್‌ನಿಂದ ಜಿಸಿಸಿ ಕಟ್ಟಿ, ಆ ಜಿಸಿಸಿಯಿಂದಲೇ ಅದನ್ನು ಮತ್ತೆ ಕಟ್ಟುವುದು), ಇಲ್ಲವೇ ಲಿನಕ್ಸ್‌ನಲ್ಲಿ ಕ್ರಾಸ್ ಕಂಪೈಲರ್ (ಒಂದು ಯಂತ್ರದಲ್ಲಿ ಓಡಿ ಇನ್ನೊಂದಕ್ಕೆ ಪ್ರೋಗ್ರಾಂ ತಯಾರಿಸುವಂಥದ್ದು) ಕಟ್ಟಿಕೊಳ್ಳುವುದು.

ಮೊದಲು ನೋಡಬೇಕಾದ್ದು, ಅಲ್ಲಿ ಈಗ ಯಾವ ಕಂಪೈಲರ್ ಇದೆ ಎಂಬುದು. ಜಿಸಿಸಿ ಕಟ್ಟಲು 4.8ನೇ ಆವೃತ್ತಿಯಿಂದ ಸಿ++ ಕಂಪೈಲರ್ ಬೇಕು, 11ನೇ ಆವೃತ್ತಿಯಿಂದ ಅದಕ್ಕೆ ಸಿ++11 (ಸಿ++ ಭಾಷೆಯ 2011ರ ರೂಪ) ಗೊತ್ತಿರಬೇಕು. ಬರೀ ಸಿ ಕಂಪೈಲರ್ ಇದ್ದರೆ ಮೊದಲು 4.7, ಅದರಿಂದ 4.9, ಆಮೇಲೆ 11 ಅಂತ ಮೆಟ್ಟಿಲು ಹತ್ತಬೇಕು. ಕಂಪೈಲರೇ ಇಲ್ಲದಿದ್ದರೆ ಕ್ರಾಸ್ ಬಿಟ್ಟು ಗತಿಯಿಲ್ಲ.

ನಂಬಿಕೆಯಲ್ಲಿ ಬೂಟ್‌ಸ್ಟ್ರಾಪ್ ಮುಂದು. ಮೂರು ಸುತ್ತು ಕಟ್ಟಿ, ಎರಡನೇ ಮತ್ತು ಮೂರನೇ ಸುತ್ತಿನ ಆಬ್ಜೆಕ್ಟ್ ಫೈಲ್‌ಗಳನ್ನು (ಕಂಪೈಲ್ ಆಗಿ ಬಂದ ತುಣುಕುಗಳನ್ನು) ಹೋಲಿಸುತ್ತದೆ. ಒಂದು ಬೈಟ್ ತಪ್ಪಿದರೂ ಅಲ್ಲೇ ನಿಲ್ಲುತ್ತದೆ. ಕ್ರಾಸ್‌ನಲ್ಲಿ ಈ ತಪಾಸಣೆಯೇ ಇಲ್ಲ. ಆದರೆ ಯಂತ್ರ ನಿಧಾನದ್ದಾದರೆ ಮೂರು ಸುತ್ತು ಮುಗಿಯುವುದೇ ದೊಡ್ಡದು. ಆಗ ಕ್ರಾಸೇ ಸಲೀಸು.

ಎಡವುವ ಜಾಗಗಳೂ ಬೇರೆ ಬೇರೆ. ಬೂಟ್‌ಸ್ಟ್ರಾಪ್‌ಗೆ ಯಂತ್ರದ ಜೊತೆ ಬಂದ ಮೇಕ್ (ಕಟ್ಟುವ ಹೆಜ್ಜೆಗಳನ್ನು ನಡೆಸುವ ಸಾಧನ) ಸಾಲದು, ಗ್ನೂ ಮೇಕ್ ಬೇಕು. ಸೋರ್ಸ್ ಫೋಲ್ಡರ್‌ನೊಳಗೇ ಕಾನ್ಫಿಗರ್ ಮಾಡಬೇಡಿ. ಕ್ರಾಸ್‌ಗೆ ಗುರಿ ಯಂತ್ರದ ಹೆಡರ್, ಲೈಬ್ರರಿಗಳನ್ನು ಸಿಸ್‌ರೂಟ್‌ಗೆ (ಅವನ್ನಿಡುವ ಪ್ರತ್ಯೇಕ ಫೋಲ್ಡರ್‌ಗೆ) ನಕಲಿಸಬೇಕು. ಅದರಲ್ಲಿ ಪೂರ್ಣ ಪಾಥ್‌ನ ಸಿಮ್‌ಲಿಂಕ್‌ಗಳಿದ್ದರೆ (ಇನ್ನೊಂದು ಫೈಲ್‌ನತ್ತ ತೋರಿಸುವ ಕೊಂಡಿಗಳು) ಅವು ಲಿನಕ್ಸ್‌ನ ಸ್ವಂತ ಲೈಬ್ರರಿಯತ್ತ ಬೆರಳು ತೋರಿಸುತ್ತವೆ, ತುಣುಕುಗಳನ್ನು ಜೋಡಿಸುವ ಲಿಂಕರ್ ಕಕ್ಕಾಬಿಕ್ಕಿ!

ಐಬಿಎಂನ ಯುನಿಕ್ಸ್ ಆದ ಎಐಎಕ್ಸ್‌ನಲ್ಲಿ ಅದರದೇ ಅಸೆಂಬ್ಲರ್, ಲಿಂಕರ್ ಜಿಸಿಸಿಗೆ ಒಗ್ಗುತ್ತವೆ, ಹಾಗಾಗಿ ಅಲ್ಲೇ ಕಟ್ಟಿ. ಕಂಪೈಲರೇ ಇಲ್ಲದ ಖಾಲಿ ಯಂತ್ರಕ್ಕೆ ಮಾತ್ರ ಎರಡನ್ನೂ ಬೆರೆಸಿ: ಕ್ರಾಸ್‌ನಿಂದ ಮೊದಲ ಕಂಪೈಲರ್ ತಂದು, ಅಲ್ಲಿ ಪೂರ್ತಿ ಬೂಟ್‌ಸ್ಟ್ರಾಪ್ ಮಾಡಿ.