ಹಡಗಿನ ಕೋಣೆಯಲ್ಲಿ ರಾತ್ರಿ ಲೆಕ್ಕ: ಸ್ಯಾಮ್‌ಸಂಗ್ ಟಿ7 ಶೀಲ್ಡ್, ಎರಡೂವರೆ ವರ್ಷ ಬಳಸಿದ ಮೇಲೆ

2023ರ ಮೇ ತಿಂಗಳಲ್ಲಿ, ಮಗಳ ಮನೆಗೆ ಸಿಯಾಟಲ್‌ಗೆ ಹೊರಡುವ ಎರಡು ವಾರ ಮುಂಚೆ, ಪ್ರವಾಸದ ಫೋಟೊ ತುಂಬಿಡಲು ಹೊರಗಿನಿಂದ ಸಿಕ್ಕಿಸುವ ಈ ಡಿಸ್ಕ್ ಕೊಂಡೆ. 1 ಟಿಬಿಯದು, ಅಂದರೆ ಸಾವಿರ ಜಿಬಿ. ಒಂಬತ್ತು ಸಾವಿರ ಚಿಲ್ಲರೆ ಆಯಿತು. ಪಿಂಚಣಿಯಲ್ಲಿ ನಡೆಯುವ ಮನೆಗೆ ಇದು ಸಣ್ಣ ಮೊತ್ತ ಅಲ್ಲ. ಇದಕ್ಕಿಂತ ಕಡಿಮೆ ದುಡ್ಡಿಗೆ ಎರಡು ಪಟ್ಟು ಜಾಗ ಇರುವ ಹಳೇ ನಮೂನೆಯ ಹಾರ್ಡ್ ಡಿಸ್ಕ್ ಆಗ ಸಿಗುತ್ತಿತ್ತು. ಆದರೂ ಇದನ್ನೇ ಕೊಂಡಿದ್ದಕ್ಕೆ ಒಂದು ಕಾರಣ ಇದೆ.

2018ರಲ್ಲಿ ಕೊಚ್ಚಿಯಿಂದ ಹಡಗಿನಲ್ಲಿ ಲಕ್ಷದ್ವೀಪಕ್ಕೆ ಹೋಗಿದ್ದೆವು. ಅಲ್ಲಿ ನಮ್ಮ ಹಡಗು ದಡಕ್ಕೆ ಬರುತ್ತಿರಲಿಲ್ಲ, ನೀರು ಆಳವಿಲ್ಲ. ದೂರದಲ್ಲೇ ನಿಲ್ಲುತ್ತಿತ್ತು. ಸಣ್ಣ ದೋಣಿಗೆ ಇಳಿದು ದ್ವೀಪಕ್ಕೆ ಹೋಗಬೇಕಿತ್ತು, ಸಂಜೆ ವಾಪಸ್ ಹಡಗಿಗೆ. ರಾತ್ರಿ ಮಲಗುವ ಮುಂಚೆ ಲ್ಯಾಪ್‌ಟಾಪ್ ತೆಗೆದು, ಕಾರ್ಡಿನಲ್ಲಿದ್ದ ಫೋಟೊಗಳನ್ನು ಹಾರ್ಡ್ ಡಿಸ್ಕಿಗೆ ಹಾಕಿ, ಮರುದಿನಕ್ಕೆ ಜಾಗ ಬೇಕಲ್ಲ ಅಂತ ಕಾರ್ಡ್ ಅಳಿಸುತ್ತಿದ್ದೆ. ಅದನ್ನೇ ಬ್ಯಾಕಪ್ ಅಂದುಕೊಂಡಿದ್ದೆ. ಮಿನಿಕಾಯ್ ನೋಡಿ ಬಂದ ರಾತ್ರಿ ಎಲ್ಲ ಮುಗಿಸಿ ಎದ್ದಾಗ ಡಿಸ್ಕ್ ಮಂಚದ ಅಂಚಿನಿಂದ ಜಾರಿ ಬಿತ್ತು. ಎತ್ತಿ ಸಿಕ್ಕಿಸಿದರೆ ಒಳಗಿಂದ ಟಿಕ್, ಟಿಕ್ ಅಂತ ಸದ್ದು, ಅಷ್ಟೇ. ಮಿನಿಕಾಯ್‌ನ 1885ರ ದೀಪಸ್ತಂಭದ ಫೋಟೊ ಒಂದೂ ನನ್ನ ಹತ್ತಿರ ಇಲ್ಲ. ಇಡೀ ಪ್ರವಾಸದಲ್ಲಿ ಉಳಿದಿದ್ದು 11 ಫೋಟೊ. ಕವರತ್ತಿಯಲ್ಲಿ ಸಿಗ್ನಲ್ ಸಿಕ್ಕಾಗ ಮಗಳಿಗೆ ವಾಟ್ಸಾಪ್ ಮಾಡಿದ್ದವು. ಅವೂ ಕುಗ್ಗಿದ ಗಾತ್ರದವು, ದೊಡ್ಡದು ಮಾಡಿದರೆ ಮುಖ ಮಸುಕು.

ಆದ್ದರಿಂದ ಈ ಸಲ ಒಳಗೆ ತಿರುಗುವ ತಟ್ಟೆ ಇಲ್ಲದ ಎಸ್‌ಎಸ್‌ಡಿಯೇ ಬೇಕು ಅಂದೆ. ಟಿ7 ಶೀಲ್ಡ್ ಇಸ್ಪೀಟಿನ ಕಟ್ಟಿನಷ್ಟು ದೊಡ್ಡದು. ತೂಕ 98 ಗ್ರಾಂ. ಮೈಮೇಲೆ ರಬ್ಬರಿನಂಥ ಹೊದಿಕೆ ಇದೆ, ಅದರಲ್ಲಿ ಗೀರುಗಳಿವೆ, ಒದ್ದೆ ಕೈಯಲ್ಲೂ ಜಾರುವುದಿಲ್ಲ. ದೂಳು, ನೀರು ತಡೆಯುವ ಐಪಿ65 ಗುರುತು ಇದೆ. ಬಾಕಿ ವಿವರ ಪೆಟ್ಟಿಗೆ ಮೇಲೆ ಇರುತ್ತದೆ.

ಮಗಳ ಮನೆಯಿಂದ ನಾವು ಹೊರಟಿದ್ದು ಅಲಾಸ್ಕಾದ ಹಡಗು ಪ್ರವಾಸಕ್ಕೆ, ಏಳು ರಾತ್ರಿ. ಸಿಯಾಟಲ್ ಬಿಟ್ಟು ಜೂನೋ, ಗ್ಲೇಸಿಯರ್ ಬೇ, ಸಿಟ್ಕಾ, ಕೆಚಿಕನ್, ಕೊನೆಗೆ ಕೆನಡಾದ ವಿಕ್ಟೋರಿಯಾ ನೋಡಿಕೊಂಡು ವಾಪಸ್. ಲ್ಯಾಪ್‌ಟಾಪ್ ಒಯ್ಯಲಿಲ್ಲ. ನನ್ನ ಆಂಡ್ರಾಯ್ಡ್ ಫೋನು, ಒಂದು ಯುಎಸ್‌ಬಿ-ಸಿ ಹಬ್, ಈ ಡಿಸ್ಕು, ನಾಲ್ಕು 64 ಜಿಬಿ ಕಾರ್ಡು, ಅಷ್ಟೇ. ಹಬ್‌ನ ಒಂದು ಕಡೆ ಕ್ಯಾಮೆರಾ ಕಾರ್ಡ್, ಇನ್ನೊಂದು ಕಡೆ ಡಿಸ್ಕ್ ಸಿಕ್ಕಿಸಿ, ಫೋನಿನ ಫೈಲ್ಸ್ ಆಪ್‌ನಲ್ಲಿ ಕಾಪಿ ಮಾಡುವುದು. ಡಿಸ್ಕ್ ಬರುವಾಗಲೇ ಎಕ್ಸ್‌ಫ್ಯಾಟ್ ಅನ್ನುವ, ಬೇರೆ ಬೇರೆ ಬಗೆಯ ಸಾಧನಗಳು ಓದಬಲ್ಲ ಕ್ರಮದಲ್ಲಿ ಫಾರ್ಮ್ಯಾಟ್ ಆಗಿರುತ್ತದೆ. ಹಾಗಾಗಿ ನನ್ನ ಫೋನೂ ಓದಿತು, ಮಗಳ ಮ್ಯಾಕ್ ಕೂಡ ಓದಿತು.

ವೇಗದ ವಿಷಯ ಹೇಳಿಬಿಡುತ್ತೇನೆ. ಸೆಕೆಂಡಿಗೆ 1,050 ಎಂಬಿ ತನಕ ಅಂತ ಕಂಪನಿಯವರು ಹೇಳುತ್ತಾರೆ, ಅದು ನನ್ನಂಥವರಿಗೆ ಲೆಕ್ಕಕ್ಕಿಲ್ಲ. ಮಧ್ಯದಲ್ಲಿರುವ ಕಾರ್ಡೂ ಹಬ್ಬೂ ಅಷ್ಟು ಬೇಗ ಕೊಡುವುದಿಲ್ಲ. ನನಗೆ ಸಿಕ್ಕಿದ್ದು 40ರ ಆಸುಪಾಸು. ಒಂದು ದಿನದ 16 ಜಿಬಿ ಇಳಿಯಲು ಏಳು ನಿಮಿಷ ಬೇಕು. ಅಷ್ಟು ಹೊತ್ತಿನಲ್ಲಿ ಸ್ವೆಟರ್ ಬಿಚ್ಚಿ, ಮುಖ ತೊಳೆದು, ಮಗಳು ಕಟ್ಟಿಕೊಟ್ಟಿದ್ದ ಕೋಡುಬಳೆ ಡಬ್ಬಿ ತೆಗೆಯುತ್ತಿದ್ದೆವು.

ಈಗ ನನಗೆ ತುಂಬಾ ಇಷ್ಟವಾದ ಭಾಗ. ನಮ್ಮನೆಯವರು ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿದವರು, ಅದರಲ್ಲಿ ಬಹುಪಾಲು ಕ್ಯಾಶ್ ಕೌಂಟರಿನಲ್ಲೇ. ಲಕ್ಷದ್ವೀಪದ ಕಥೆ ಆದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಟ್ಯಾಲಿ ಮಾಡದೆ ಹ್ಯಾಗೆ ಅಳಿಸಿದೆ?" ಈ ಸಲ ಹೊರಡುವಾಗಲೇ ಒಂದು ಪುಟ್ಟ ನೋಟ್‌ಬುಕ್ ತಂದು ಅಡ್ಡ ಗೆರೆ, ಉದ್ದ ಗೆರೆ ಎಳೆದಿಟ್ಟಿದ್ದರು. ತಾರೀಖು, ಊರು, ಕಾರ್ಡ್ ನಂಬರ್, ಕಾರ್ಡಿನಲ್ಲಿ ಎಷ್ಟು, ಡಿಸ್ಕಿನಲ್ಲಿ ಎಷ್ಟು, ಸಹಿ. ಹೌದು, ಸಹಿಗೂ ಒಂದು ಮನೆ ಇತ್ತು.

ರಾತ್ರಿ ಊಟ ಮುಗಿಸಿ ಬಂದ ಮೇಲೆ ಕೋಣೆಯ ಸಣ್ಣ ಮೇಜಿನ ಮುಂದೆ ಕೂರುವುದು. ನಾನು ಕಾರ್ಡ್ ತೆಗೆದು ಹಬ್‌ಗೆ ಹಾಕುತ್ತೇನೆ. ಅವರು ಕನ್ನಡಕ ಏರಿಸಿಕೊಂಡು "ಹೂಂ, ಕಾರ್ಡಿನಲ್ಲಿ ಎಷ್ಟು?" ಅನ್ನುತ್ತಾರೆ. ನಾನು ಹೇಳುತ್ತೇನೆ. ಕಾಪಿ ಮುಗಿದ ಮೇಲೆ ಡಿಸ್ಕಿನ ಫೋಲ್ಡರ್ ತೆರೆದು ಇನ್ನೊಂದು ಸಂಖ್ಯೆ ಹೇಳುತ್ತೇನೆ. ಎರಡೂ ಒಂದೇ ಆದರೆ ಅವರ ಸಹಿ ಬೀಳುತ್ತದೆ. ಆಮೇಲೆ ಆ ದಿನದ ಫೋಟೊಗಳನ್ನು ಇಬ್ಬರೂ ಒಂದೇ ಫೋನಿನಲ್ಲಿ ನೋಡುವುದು. ನಲವತ್ತು ವರ್ಷದ ಸಂಸಾರದಲ್ಲಿ ನನ್ನ ಫೋಟೊಗಳನ್ನು ಅವರು ಹೀಗೆ ಒಂದೊಂದಾಗಿ ಕೂತು ನೋಡಿದ್ದು ನನಗೆ ನೆನಪಿಲ್ಲ. ಒಂಬತ್ತು ಸಾವಿರಕ್ಕೆ ಇದೂ ಸಿಗುತ್ತದೆ ಅಂತ ನಾನು ಎಣಿಸಿರಲಿಲ್ಲ.

ಇಂಟರ್‌ನೆಟ್‌ಗೆ ಹಾಕಿಬಿಡಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಹಡಗಿನ ವೈಫೈಗೆ ಒಬ್ಬೊಬ್ಬರಿಗೆ ದಿನದ ಲೆಕ್ಕದಲ್ಲಿ ಡಾಲರ್ ಕೊಡಬೇಕು. ಕೊಟ್ಟರೂ ದಿನಕ್ಕೆ 16 ಜಿಬಿ ಏರಿಸುವುದು ಆಗುವ ಮಾತಲ್ಲ. ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಬೇಕಾದರೂ ಬಿಟ್ಟಿ ಇಡುವ ಕಾಲ 2021ರ ಜೂನ್ 1ಕ್ಕೇ ಮುಗಿಯಿತು. ಈಗ ಬಿಟ್ಟಿ ಇರುವುದು 15 ಜಿಬಿ, ಅದರಲ್ಲೇ ಜಿಮೇಲೂ ಸೇರಿದೆ. ನಮ್ಮ ಒಂದು ದಿನದ ಫೋಟೊ ಕೂಡ ಹಿಡಿಯುವುದಿಲ್ಲ. ನಾವು ಮಾಡಿದ್ದು ಇಷ್ಟು: ಸಮುದ್ರದಲ್ಲಿರುವಾಗ ಫೋನು ಏರೋಪ್ಲೇನ್ ಮೋಡ್‌ನಲ್ಲಿ. ಹಡಗಿನ ಮೊಬೈಲ್ ಸಿಗ್ನಲ್ ಅಪ್ಪಿತಪ್ಪಿ ಹಿಡಿದರೆ ಬಿಲ್ ಜೋರು. ಜೂನೋದಲ್ಲಿ ಹಡಗು ಕಟ್ಟೆಯ ಪಕ್ಕದಲ್ಲೇ ಊರಿನ ಸಾರ್ವಜನಿಕ ಗ್ರಂಥಾಲಯ ಇದೆ, ಕಾರು ನಿಲ್ಲಿಸುವ ಕಟ್ಟಡದ ಮೇಲಿನ ಮಹಡಿಯಲ್ಲಿ. ವೈಫೈಗೆ ದುಡ್ಡಿಲ್ಲ. ಕಿಟಕಿಯಿಂದ ನಮ್ಮ ಹಡಗೇ ಕಾಣುತ್ತಿತ್ತು. ಅಲ್ಲಿ ಅರ್ಧ ಗಂಟೆ ಕೂತು, ಆರಿಸಿದ ಇಪ್ಪತ್ತು ಫೋಟೊ ಮಗಳಿಗೆ ಕಳಿಸಿದೆ. ಹಡಗಿನಿಂದ ಹೊರಗೆ ಹೋದ ಮೊದಲ ನಕಲು ಅದು.

ಮರುದಿನ ಗ್ಲೇಸಿಯರ್ ಬೇ. ಅಲ್ಲಿ ಯಾರೂ ಇಳಿಯುವುದಿಲ್ಲ, ರಾಷ್ಟ್ರೀಯ ಉದ್ಯಾನದ ರೇಂಜರ್‌ಗಳೇ ಹಡಗು ಹತ್ತುತ್ತಾರೆ. 1794ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್‌ನ ಹಡಗುಗಳು ಬಂದಾಗ ಹೆಚ್ಚುಕಡಿಮೆ ಇಡೀ ಕೊಲ್ಲಿಯ ತುಂಬಾ ಹಿಮವೇ ಇತ್ತಂತೆ. ಈಗ ಹಡಗು ನೂರು ಕಿಲೋಮೀಟರಿನಷ್ಟು ಒಳಗೆ ಹೋದ ಮೇಲೆ ಮಾರ್ಜರಿ ಹಿಮನದಿ ಸಿಗುತ್ತದೆ. ನೀಲಿ ಗೋಡೆ. ಮೊದಲು ತುಂಡು ಬೀಳುವುದು ಕಾಣುತ್ತದೆ, ಆಮೇಲೆ ಗುಡುಗಿದ ಹಾಗೆ ಸದ್ದು ಬರುತ್ತದೆ. ಕೈ ಮರಗಟ್ಟಿತ್ತು. ಚಳಿಗೆ ಕ್ಯಾಮೆರಾ ಬ್ಯಾಟರಿ ಎರಡು ಗಂಟೆಗೇ ಮಲಗಿತು, ಜೇಬಿನಲ್ಲಿ ಬೆಚ್ಚಗಿಟ್ಟಿದ್ದ ಎರಡನೆಯದು ಹಾಕಿದೆ. ಒಳಗೆ ಬರುವ ಮುಂಚೆ ಕ್ಯಾಮೆರಾವನ್ನು ಜಿಪ್ ಚೀಲದಲ್ಲಿ ಮುಚ್ಚಿ, ಒಂದು ಗಂಟೆ ಬಿಟ್ಟು ತೆಗೆಯುವುದು ಒಳ್ಳೆಯದು. ಇಲ್ಲದಿದ್ದರೆ ಬೆಚ್ಚನೆ ಕೋಣೆಯಲ್ಲಿ ಕ್ಯಾಮೆರಾದ ಮೈಯೆಲ್ಲ ಬೆವರುತ್ತದೆ.

ಆ ರಾತ್ರಿ ಟ್ಯಾಲಿ ಆಗಲಿಲ್ಲ. ಕಾರ್ಡಿನಲ್ಲಿ 612, ಡಿಸ್ಕಿನಲ್ಲಿ 587.

ಮತ್ತೆ ಎಣಿಸಿದರೂ ಅಷ್ಟೇ. 587ನೆಯ ಫೋಟೊ ತೆರೆದೆ. ಮೇಲರ್ಧ ಹಿಮ, ಕೆಳಗರ್ಧ ಬರೀ ಬೂದು ಬಣ್ಣ. ಅದಾದ ಮೇಲಿನ 25 ಬಂದೇ ಇಲ್ಲ. ಹಿಮದ ತುಂಡು ಬಿದ್ದ ಫೋಟೊಗಳು ಅವೇ. ಎದೆ ಧಸಕ್ ಅಂತು. ಡಿಸ್ಕ್ ಕೆಟ್ಟಿತು ಅಂದುಕೊಂಡೆ. ಆದರೆ ತಪ್ಪು ಡಿಸ್ಕಿನದಲ್ಲ, ಹಬ್‌ನದು. ಫೋನು, ಕಾರ್ಡು, ಡಿಸ್ಕು ಮೂರನ್ನೂ ಫೋನಿನ ಬ್ಯಾಟರಿಯೇ ಹೊರಬೇಕು, ಆಗದು ಅಂತ ನಾನು ಹಬ್‌ಗೆ ಚಾರ್ಜರ್ ಕೂಡ ಸಿಕ್ಕಿಸುತ್ತಿದ್ದೆ. ಕಾಪಿ ನಡೆಯುವಾಗ ಇವರು ತಮ್ಮ ಫೋನಿಗೆ ಅಂತ ಆ ಚಾರ್ಜರ್ ಕಿತ್ತರು. ಕಿತ್ತ ಕೂಡಲೇ ಈ ಹಬ್ ಒಂದು ಕ್ಷಣ ಎಲ್ಲವನ್ನೂ ಬಿಟ್ಟು ಮತ್ತೆ ಹಿಡಿಯುತ್ತದೆ. ಅಷ್ಟರಲ್ಲಿ ಕಾಪಿ ನಿಂತಿತ್ತು. ಪರದೆಯ ಮೇಲೆ ಏನೂ ಬರಲಿಲ್ಲ, ಮುಗಿದಿದೆ ಅಂತಲೇ ನಂಬಿದ್ದೆ.

ನನಗೆ ಇದರ ಮೇಲೆ ಈಗಲೂ ಸಿಟ್ಟಿದೆ. ಎರಡು ಸಾವಿರ ಕೊಟ್ಟ ಹಬ್. ಕಂಪನಿಯ ಹೆಸರು ಬರೆದು ಪ್ರಯೋಜನ ಇಲ್ಲ, ಇಂಥವು ಬೇರೆ ಬೇರೆ ಹೆಸರಿನಲ್ಲಿ ಬೇಕಾದಷ್ಟಿವೆ. ಅದರ ಕಾಗದದಲ್ಲಿ ಎಷ್ಟು ವಾಟ್, ಎಷ್ಟು ಪೋರ್ಟ್ ಎಲ್ಲ ಇತ್ತು. ಚಾರ್ಜರ್ ತೆಗೆದರೆ ಸಂಪರ್ಕ ತಪ್ಪುತ್ತದೆ ಅನ್ನುವ ಒಂದು ಸಾಲು ಇರಲಿಲ್ಲ. ಡಿಸ್ಕ್ ಕೊಳ್ಳಲು ಎರಡು ವಾರ ವಿಮರ್ಶೆ ಓದಿದವಳು ನಾನು, ಹಬ್‌ಗೆ ಎರಡು ನಿಮಿಷವೂ ಕೊಟ್ಟಿರಲಿಲ್ಲ. ನೀವು ಹಾಗೆ ಮಾಡಬೇಡಿ. ಕಾಪಿ ಮುಗಿದು, ಫೋನಿನಲ್ಲಿ ಎಜೆಕ್ಟ್ ಒತ್ತುವ ತನಕ ಯಾವ ವೈರನ್ನೂ ಮುಟ್ಟಬೇಡಿ. ಬರೀ ಎಣಿಸಿದರೂ ಸಾಲದು, ಕೊನೆಯ ಫೋಟೊ ತೆರೆದು ಪೂರ್ತಿ ಕಾಣುತ್ತದಾ ನೋಡಿ.

ಆದರೆ ಏನೂ ಹೋಗಲಿಲ್ಲ. ಕಾರ್ಡ್ ಅಳಿಸಿರಲಿಲ್ಲವಲ್ಲ. ಆ ಅರ್ಧ ಫೋಟೊ ತೆಗೆದುಹಾಕಿ, ಉಳಿದವನ್ನು ಮತ್ತೆ ಕಾಪಿ ಮಾಡಿದೆ. 612ಕ್ಕೆ 612. ಇವರು ಸಹಿ ಹಾಕುವಾಗ ರಾತ್ರಿ ಹನ್ನೆರಡೂವರೆ. ಹೊರಗೆ ಆಗಲೂ ಆಕಾಶ ಪೂರ್ತಿ ಕಪ್ಪಾಗಿರಲಿಲ್ಲ.

ಹಡಗಿನಲ್ಲಿ ಹೋಗುವವರಿಗೆ ಇನ್ನೆರಡು ಮಾತು. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಒಯ್ಯಬೇಡಿ, ಹತ್ತುವಾಗಲೇ ಎತ್ತಿಟ್ಟುಕೊಳ್ಳುತ್ತಾರೆ. ಕೋಣೆಯ ಗೋಡೆಗಳು ಉಕ್ಕಿನವು, ಮ್ಯಾಗ್ನೆಟ್ ಕೊಕ್ಕೆ ಅಂಟಿಸಿ ಡಿಸ್ಕಿನ ಚೀಲ ಅದಕ್ಕೇ ತೂಗುಹಾಕುತ್ತಿದ್ದೆ. ಮೇಜಿನಿಂದ ಬೀಳುವ ಭಯ ಇಲ್ಲ. ಮತ್ತೆ ಕ್ಯಾಮೆರಾ ಗಡಿಯಾರ! ಫೋನು ತಾನೇ ಅಲಾಸ್ಕಾ ಸಮಯಕ್ಕೆ ಬದಲಾಯಿತು, ಕ್ಯಾಮೆರಾ ಮಾತ್ರ ಮೈಸೂರಿನಲ್ಲೇ ಇತ್ತು. ಹದಿಮೂರೂವರೆ ಗಂಟೆ ವ್ಯತ್ಯಾಸ. ಎರಡರ ಫೋಟೊಗಳನ್ನೂ ಒಟ್ಟಿಗೆ ಹಾಕಿದರೆ ಸಿಟ್ಕಾದ ಕಡಲ ನೀರುನಾಯಿ ಪಕ್ಕದಲ್ಲಿ ಗ್ಲೇಸಿಯರ್ ಬೇಯ ರಾತ್ರಿ ಊಟ ಬಂದು ಕೂರುತ್ತದೆ. ಮೊದಲ ದಿನವೇ ಸರಿ ಮಾಡಿಕೊಳ್ಳಿ.

ಕೊನೆಯ ರಾತ್ರಿ ಇನ್ನೊಂದು ಪರೀಕ್ಷೆ. ಇಳಿಯುವ ಹಿಂದಿನ ರಾತ್ರಿ ದೊಡ್ಡ ಸೂಟ್‌ಕೇಸ್‌ಗೆ ಬಣ್ಣದ ಚೀಟಿ ಕಟ್ಟಿ ಬಾಗಿಲ ಹೊರಗೆ ಇಡಬೇಕು, ಹಡಗಿನವರು ಒಯ್ಯುತ್ತಾರೆ. ವಿಕ್ಟೋರಿಯಾದ ಸಂಸತ್ ಭವನದ ಸಾವಿರಾರು ದೀಪಗಳ ಫೋಟೊ ತೆಗೆದುಕೊಂಡು ಬಂದು, ಲೆಕ್ಕಕ್ಕೆ ಕೂರೋಣ ಅಂದರೆ ಕೊಕ್ಕೆ ಖಾಲಿ. "ರೀ, ಡಿಸ್ಕ್ ಎಲ್ಲಿ?" ಅಂದೆ. ಭದ್ರವಾಗಿರಲಿ ಅಂತ ಬಟ್ಟೆಗಳ ನಡುವೆ ಸುತ್ತಿ ಸೂಟ್‌ಕೇಸಿನಲ್ಲಿ ಇಟ್ಟಿದ್ದರು. ಬಾಗಿಲು ತೆಗೆದರೆ ಸೂಟ್‌ಕೇಸ್ ಇಲ್ಲ. ಅವರ ಮುಖ ನೋಡಲಾಗಲಿಲ್ಲ. ನಾನು ಕುತ್ತಿಗೆಯ ಚೀಲದಿಂದ ನಾಲ್ಕೂ ಕಾರ್ಡ್ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟೆ. "ಎಲ್ಲ ಇಲ್ಲೇ ಇದೆ, ಮಲಗಿ" ಅಂದೆ. ಬೆಳಿಗ್ಗೆ ಸಿಯಾಟಲ್ ಬಂದರಿನ ದೊಡ್ಡ ಹಾಲ್‌ನಲ್ಲಿ ನಮ್ಮ ಬಣ್ಣದ ಸಾಲಿನಲ್ಲೇ ಸೂಟ್‌ಕೇಸ್ ನಿಂತಿತ್ತು. ಒಳಗೆ ಡಿಸ್ಕೂ ಇತ್ತು.

ಮಗಳು ಆಮೇಲೆ 3-2-1 ಅನ್ನುವ ಲೆಕ್ಕ ಹೇಳಿದಳು. ಪೀಟರ್ ಕ್ರೋಗ್ ಅನ್ನುವ ಫೋಟೊಗ್ರಾಫರ್ ಬಳಕೆಗೆ ತಂದಿದ್ದು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಹಡಗಿನಲ್ಲಿ ಈ ಬೇರೆ ಜಾಗವೇ ಕಷ್ಟ. ಅವಳ ಕಂಪ್ಯೂಟರಿಗೆ ಆ ದಿನವೇ ಒಂದು ಪ್ರತಿ ಹಾಕಿಟ್ಟು ಮೈಸೂರಿಗೆ ಹೊರಟೆವು.

ಈಗ ಡಿಸ್ಕಿನಲ್ಲಿ 700 ಜಿಬಿ ತುಂಬಿದೆ. ಎರಡು ಸಲ ಕೈಯಿಂದ ಬಿದ್ದಿದೆ, ಒಮ್ಮೆ ಗ್ರಾನೈಟ್ ನೆಲಕ್ಕೆ. ಏನೂ ಆಗಿಲ್ಲ. ರಬ್ಬರಿನ ಗೀರಿನಲ್ಲಿ ಕೂರುವ ದೂಳನ್ನು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯುತ್ತೇನೆ. ಕರೆಂಟ್ ಸಿಗದೆ ವರ್ಷಗಟ್ಟಲೆ ಕಪಾಟಿನಲ್ಲಿ ಬಿದ್ದಿದ್ದರೆ ಎಸ್‌ಎಸ್‌ಡಿಯಲ್ಲಿದ್ದದ್ದು ಅಳಿಯಬಹುದು. ಅದಕ್ಕೆ ಮೂರು ತಿಂಗಳಿಗೊಮ್ಮೆ ಸಿಕ್ಕಿಸಿ ನೋಡುತ್ತೇನೆ. ಮನೆಯಲ್ಲಿ ಇದೇ ಫೋಟೊಗಳ ಇನ್ನೊಂದು ಪ್ರತಿ ದೊಡ್ಡ ಹಾರ್ಡ್ ಡಿಸ್ಕಿನಲ್ಲಿದೆ, ಮೇಜು ಬಿಟ್ಟು ಅಲುಗದ ಹಾರ್ಡ್ ಡಿಸ್ಕ್. ಹಬ್ ಬದಲಾಯಿಸಿದ್ದೇನೆ. ಇವತ್ತು ಕೊಳ್ಳುವುದಾದರೆ ಇದನ್ನೇ ಕೊಳ್ಳುತ್ತೇನೆ, ಸ್ವಲ್ಪ ದುಡ್ಡು ಕೂಡಿಸಿ 2 ಟಿಬಿಯದು.

ಬರುವ ಚಳಿಗಾಲಕ್ಕೆ ಮತ್ತೆ ಲಕ್ಷದ್ವೀಪಕ್ಕೆ ಅರ್ಜಿ ಹಾಕೋಣ ಅಂತ ಮಾತಾಗಿದೆ. ಆ ದೀಪಸ್ತಂಭ ಬಾಕಿ ಇದೆ. ಇವರು ಹೊಸ ನೋಟ್‌ಬುಕ್ ತಂದು ಗೆರೆ ಎಳೆದಿಟ್ಟಿದ್ದಾರೆ. ಈ ಸಲ ಒಂದು ಮನೆ ಜಾಸ್ತಿ ಇದೆ: "ಕೊನೆಯ ಫೋಟೊ ತೆರೆದು ನೋಡಿದೆ".