ಸೀತಾಳೆ ದಂಡೆಯ ಹೆಸರು ನೋಡಲು ಕ್ಯೂ ಜಾಲತಾಣ: ಹೆಸರಿಗೆ ನಂಬಿ, ನಕ್ಷೆಗೆ ಬೇಡ

ಮುಂಗಾರಿನ ಹೊತ್ತಿಗೆ ಮಲೆನಾಡಿನ ಮರಗಳಲ್ಲಿ ನರಿಬಾಲದಂತೆ ಜೋತುಬೀಳುವ ಸೀತಾಳೆ ದಂಡೆ ಎಂಬ ಆರ್ಕಿಡ್‌ನ ಶಾಸ್ತ್ರೀಯ ಹೆಸರು ರಿಂಕೊಸ್ಟೈಲಿಸ್ ರೆಟೂಸ. ಇಂಥ ಹೆಸರನ್ನು ಪರೀಕ್ಷಿಸಲು ಲಂಡನ್ನಿನ ಕ್ಯೂ ಸಸ್ಯೋದ್ಯಾನದ ‘ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್’ ಒಳ್ಳೆಯ ಸಾಧನ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಡ. ಕನ್ನಡದ ಹೆಸರು ಹಾಕಿ ಹುಡುಕುವ ಆಸೆ ಮಾತ್ರ ಬಿಡಿ.

ಪುಟ ತೆರೆದೊಡನೆ ಹೆಸರಿನ ಬೆನ್ನಿಗೆ ‘(ಎಲ್.) ಬ್ಲೂಮ್’ ಎಂದು ಕಾಣುತ್ತದೆ. ಇದನ್ನು ಹಾರಿಸಬೇಡಿ, ಗಿಡದ ಜಾತಕವೇ ಅಲ್ಲಿದೆ. ಆವರಣದೊಳಗಿರುವವನು ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್. 1753ರಲ್ಲಿ ಅವನಿಟ್ಟ ಹೆಸರು ಎಪಿಡೆಂಡ್ರಮ್ ರೆಟೂಸಮ್. 1825ರಲ್ಲಿ ಸಸ್ಯವಿಜ್ಞಾನಿ ಬ್ಲೂಮ್ ಇದನ್ನು ರಿಂಕೊಸ್ಟೈಲಿಸ್ ಕುಲಕ್ಕೆ ತಂದ. ಈ ಕುಲದ ಹೆಸರು ಸ್ತ್ರೀಲಿಂಗ, ಹಾಗಾಗಿ ರೆಟೂಸಮ್ ಹೋಗಿ ರೆಟೂಸ ಆಯಿತು. ನರ್ಸರಿ ಚೀಟಿಯಲ್ಲಿ ‘ರಿಂಕೊಸ್ಟೈಲಿಸ್ ರೆಟೂಸಮ್’ ಕಂಡರೆ ಬರೆದವರು ಎರಡನ್ನೂ ಕಲಸಿದ್ದಾರೆ ಎಂದರ್ಥ. ಸಮಾನನಾಮಗಳ, ಅಂದರೆ ಇದೇ ಗಿಡದ ಬೇರೆ ಶಾಸ್ತ್ರೀಯ ಹೆಸರುಗಳ, ಪಟ್ಟಿ ಅದೇ ಪುಟದ ಕೆಳಗಿದೆ. ಹಳೆಯ ಫ್ಲೋರಾಗಳಲ್ಲಿ (ಪ್ರದೇಶವಾರು ಸಸ್ಯಗ್ರಂಥಗಳಲ್ಲಿ) ಬರುವ ಸ್ಯಾಕೊಲೇಬಿಯಮ್ ಗುಟ್ಟೇಟಮ್ ಇದೇ ಗಿಡ ಎಂಬುದು ಅಲ್ಲಿಯೇ ಬಗೆಹರಿಯುತ್ತದೆ.

ಆದರೆ ಲಿನೇಯಸ್ ಏನನ್ನು ನೋಡಿ ಹೆಸರಿಟ್ಟ ಎಂಬುದಕ್ಕೆ ಮೂಲ ಪುಸ್ತಕಕ್ಕೇ ಹೋಗಬೇಕು. ಅವನು ಉಲ್ಲೇಖಿಸಿದ್ದು ಮಲಬಾರಿನ ಗಿಡಗಳ ಬಗೆಗಿನ 17ನೇ ಶತಮಾನದ ಗ್ರಂಥ ಹಾರ್ಟಸ್ ಮಲಬಾರಿಕಸ್‌ನ 12ನೇ ಸಂಪುಟದ ಮೊದಲ ಚಿತ್ರ, ‘ಆನ್ಸ್ಜೆಲಿ ಮರವಾರ’. ಮಲಯಾಳದ ಆಂಞಿಲಿ ಎಂದರೆ ನಮ್ಮ ಹೆಬ್ಬಲಸು. ಯಾವ ಮರದ ಮೇಲೆ ಎಂಬುದೂ ಹೆಸರಿನಲ್ಲೇ ಸೇರಿತ್ತು, ಲ್ಯಾಟಿನ್‌ಗೆ ಬರುವಾಗ ಉದುರಿತು.

ತಾಣದ ದೊಡ್ಡ ದೋಷ, ಗಿಡ ಎಲ್ಲೆಲ್ಲಿದೆ ಎಂದು ತೋರಿಸುವ ನಕ್ಷೆಯದು. ಅಸ್ಸಾಂ, ಹಿಮಾಲಯದಂಥ ಕೆಲವು ಭಾಗ ಬಿಟ್ಟರೆ ಮಿಕ್ಕ ಭಾರತವೆಲ್ಲ ಇಲ್ಲಿ ಒಂದೇ ಘಟಕ. ಪಶ್ಚಿಮಘಟ್ಟದಲ್ಲಿ ಒಂದು ಗಿಡವಿದ್ದರೂ ರಾಜಸ್ಥಾನದವರೆಗೆ ಬಣ್ಣ ಬಳಿಯುತ್ತದೆ. ಜಿಲ್ಲಾವಾರು ಹಂಚಿಕೆಗೆ ಇದನ್ನು ಆಧಾರ ಮಾಡಿದರೆ ಕೆಟ್ಟಿರಿ.

ಇನ್ನೊಂದು: ಹೆಸರು ಚಾಲ್ತಿಯಲ್ಲಿದೆಯೇ ಎಂದು ತಾಣ ಹೇಳೀತು, ಕೈಯಲ್ಲಿರುವ ಗಿಡ ಅದೇ ಹೌದೇ ಎಂದು ಹೇಳದು. ಅದಕ್ಕೆ ಹತ್ತುಪಟ್ಟಿನ ಮಸೂರ ಹಿಡಿಯಿರಿ. ಪಟ್ಟಿಯಂಥ ಎಲೆಯ ತುದಿ ಯಾರೋ ಕಚ್ಚಿ ಬಿಟ್ಟಂತೆ ಎರಡು ಅಸಮ ಹಾಲೆಗಳಾಗಿರಬೇಕು. ರೆಟೂಸ ಎಂದರೆ ಅದೇ, ಮೊಂಡು ತುದಿಯಲ್ಲಿ ಕಚ್ಚು. ಬಿಳಿ ಹೂವಿನ ಮೇಲೆ ನೇರಳೆ ಚುಕ್ಕೆ, ತುಟಿಯ (ಉಳಿದವಕ್ಕಿಂತ ಬೇರೆ ಆಕಾರದ ಎಸಳಿನ) ಬುಡದ ಚೀಲ ಹಿಂದಕ್ಕೆ ಚಾಚಿರಬೇಕು. ಚೀಲ ಕೊಂಬಿನಂತೆ ಮುಂದಕ್ಕೆ ಬಾಗಿದ್ದರೆ ಏರಿಡೆಸ್ ಎಂಬ ಇನ್ನೊಂದು ಆರ್ಕಿಡ್ ಕುಲದ ಪುಟ ತೆರೆಯಿರಿ.